ರೈಗಳ ಕಾಂಪೌಂಡಿನ ಐದು ಕಲ್ಲು

"ಎಂತ ಉದಯ, ನಿನ್ನ ಹೆಂಡತಿ ಓಡಿಸಿದ ಹಾಗೆ ಓಡಿಸಿದಿಯಲ್ಲ ಮಾರಾಯ!"

ತ್ಯಾಂಪಣ್ಣ ರೈಗಳು ರಸ್ತೆಯ ಆಚೆ ಬದಿಯಿಂದ ಹಾಗೆ ಹೇಳಿ ನಕ್ಕದ್ದೂ, ಗಂಡ ಉದಯ ಅವರೊಡನೆ ಸೇರಿ ನಕ್ಕದ್ದೂ, ಅಂಗಳದಲ್ಲಿ ನಿಂತ ಕಾರಿನೊಳಗೆ ಸ್ಟೇರಿಂಗಿನ ಅಡಿಗೆ ತಲೆ ತೂರಿಸಿ ಮಲಗಿದ್ದ ಭವಿತಾಳಿಗೆ ಸ್ಪಷ್ಟವಾಗಿ ಕೇಳಿಸಿತು. ಕೈಯಲ್ಲಿದ್ದ ಸ್ಪ್ಯಾನರು ನಟ್ಟಿನಿಂದ ಜಾರಿ ಬೆರಳಿನ ಗಂಟಿಗೆ ಬಡಿಯಿತು. ನೋವಾಗಲಿಲ್ಲ. ಮೈಯೆಲ್ಲ ಉರಿಯುತ್ತಿರುವಾಗ ಒಂದು ಬೆರಳಿನ ನೋವಿಗೆ ಎಲ್ಲಿ ಜಾಗ? ರೈಗಳ ಕಾಂಪೌಂಡಿನ ಐದು ಕೆಂಪುಕಲ್ಲುಗಳು ರಸ್ತೆಗೆ ಉರುಳಿ ಬಿದ್ದಿದ್ದವು, ಕಾರಿನ ಬಂಪರು ಒಡೆದು ನೇತಾಡುತ್ತಿತ್ತು. ಎರಡನ್ನೂ ಮಾಡಿದವಳು ಅವಳು. ಬೆಳಿಗ್ಗೆ ಆರು ಗಂಟೆಗೆ, ತನ್ನ ಕೈಯಾರೆ, ತಾನೇ ಕೂರಿಸಿದ ಲಿವರನ್ನು ಹಿಡಿದು. ಆದರೆ ಈಗ ಏಳೂವರೆಗೆ, ಪೆರಾಬೆಯ ಆ ರಸ್ತೆಯಲ್ಲಿ ಹಾಲಿನ ಕ್ಯಾನು ಹಿಡಿದು ಹೋಗುವ ನಾಲ್ಕು ಜನರಿಗೆ ತಿಳಿದ ಪ್ರಕಾರ ಗೋಡೆಗೆ ಗುದ್ದಿದವನು ಉದಯ. "ನಿದ್ದೆಗಣ್ಣು ರೈಗಳೇ, ಬ್ರೇಕ್ ಅಂತ ಹೇಳಿ ಆಕ್ಸಿಲರೇಟರ್ ಒತ್ತಿಬಿಟ್ಟೆ," ಎನ್ನುತ್ತಿದ್ದ. ಎಂಥ ಸಲೀಸು ಅವನ ಧ್ವನಿಯಲ್ಲಿ! ಸುಳ್ಳು ಹೇಳುವವನ ಗಂಟಲು ಸ್ವಲ್ಪವಾದರೂ ಒಣಗಬೇಡವೇ?

ಇದೇ ಸಲೀಸಿನಲ್ಲಿ ಅವನು ಮೂರು ವರ್ಷದ ಹಿಂದೆ, ಆಲಂಕಾರಿನ ಹತ್ತಿರದ ಮೋರಿಯ ಪಕ್ಕದಲ್ಲಿ ಅವಳ ಕಿವಿಗೆ ಬಾಯಿಟ್ಟು ಹೇಳಿದ್ದ. "ನೀನು ಓಡಿಸಿದ್ದು ಅಂತ ಹೇಳು ಭವೀ. ನಾನು ಕುಡಿದಿದ್ದೇನೆ, ನನ್ನನ್ನು ಒಳಗೆ ಹಾಕ್ತಾರೆ." ಅವನ ದೊಡ್ಡಮ್ಮನ ಮಗನ ಮದುವೆಯ ಬೀಗರ ಔತಣ ಮುಗಿಸಿ ಮಧ್ಯಾಹ್ನ ಮೂರರ ಬಿಸಿಲಿಗೆ ಹೊರಟಿದ್ದರು. ಹೊರಡುವಾಗ ಕೀ ಕೊಡಿ ಎಂದು ಅವಳು ಎರಡು ಸಲ ಕೇಳಿದ್ದಳು. ಚಪ್ಪರದ ಕೆಳಗೆ ಅಷ್ಟು ಗಂಡಸರು ನೋಡುತ್ತಿರುವಾಗ ಹೆಂಡತಿಯ ಕೈಗೆ ಕೀ ಕೊಡುವುದೆಂದರೆ ಅವನಿಗೆ ಮೂಗು ಕೊಯ್ದು ಕೊಟ್ಟಷ್ಟು ಕಷ್ಟ. ಮೋರಿಗೆ ಗುದ್ದಿದ ಕಾರಿನಿಂದ ದಾರಿಹೋಕರು ಇಬ್ಬರನ್ನೂ ಎಳೆದು ರಸ್ತೆಯ ಮೇಲೆ ಮಲಗಿಸಿದ್ದರು. ಯಾರು ಯಾವ ಸೀಟಿನಲ್ಲಿದ್ದರು ಎಂದು ನೋಡುವ ವ್ಯವಧಾನ ಯಾರಿಗಿತ್ತು? ತನ್ನ ಬಲಗಾಲು ಎಲ್ಲಿದೆಯೆಂದೇ ತಿಳಿಯದೆ ಅವಳು ಆಕಾಶ ನೋಡುತ್ತಿದ್ದಳು, ಹೂಂ ಎಂದಳು. ಆ ಹೊತ್ತಿಗೆ ಅವನು ಏನು ಕೇಳಿದ್ದರೂ ಹೂಂ ಎನ್ನುತ್ತಿದ್ದಳು. ಪೊಲೀಸರು ಹಾಗೆಯೇ ಬರೆದುಕೊಂಡರು, ಊರೂ ಹಾಗೆಯೇ ಬರೆದುಕೊಂಡಿತು. ಮೊಣಕಾಲಿನ ಕೆಳಗೆ ಕಾಲು ಹೋಯಿತು, ತಪ್ಪು ಅವಳ ಹತ್ತಿರ ಉಳಿಯಿತು.

ಊರಿಗೇನು, ಎಲುಬಿಲ್ಲದ ನಾಲಗೆ. ಅವಳು ಕಡಬದ ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸಕ್ಕೆ ಮರಳಿ ಹೋದ ಮೊದಲ ದಿನವೇ ಒಬ್ಬ ಹೆಂಗಸು ತೋಳು ಚಾಚಿಕೊಂಡು, "ನೀವಲ್ವಾ ಮೋರಿಗೆ ಗುದ್ದಿದ ಅಕ್ಕ? ಗಂಡನಿಗೆ ಎಂತ ಆಗ್ಲಿಲ್ಲ ಅಲ್ವಾ, ಪುಣ್ಯ," ಎಂದಿದ್ದಳು. ಭವಿತಾ ಸೂಜಿಯನ್ನು ಒಂದೇ ಸಲಕ್ಕೆ ಸರಿಯಾದ ನರಕ್ಕೆ ಇಳಿಸಿದ್ದಳು. ಸಿಟ್ಟು ಬಂದಷ್ಟೂ ಅವಳ ಕೈ ಸ್ಥಿರವಾಗುತ್ತದೆ, ಅದೊಂದು ಅವಳ ಗುಣ. ಮನೆಯಲ್ಲಿ ಅತ್ತೆ ನೀಲಾವತಿ ಬಂದವರಿಗೆಲ್ಲ ಕಾಫಿ ಕೊಡುತ್ತ, "ಸ್ಟೇರಿಂಗ್ ಅವಳ ಕೈಗೆ ಕೊಟ್ಟದ್ದೇ ತಪ್ಪು, ನನ್ನ ಮಗ ಉಳಿದದ್ದು ದೇವರ ದಯೆ," ಎನ್ನುವಾಗ ಉದಯ ಪಕ್ಕದಲ್ಲೇ ಕುಳಿತು ಪೇಪರಿನ ಪುಟ ತಿರುಗಿಸುತ್ತಿದ್ದ. ಒಂದು ದಿನವಾದರೂ, ತಾಯಿಯ ಎದುರಿಗಾದರೂ, 'ಇಲ್ಲ ಅಮ್ಮ' ಎಂದು ಅವನ ಬಾಯಿಯಿಂದ ಬಂದದ್ದಿಲ್ಲ. ಕುಡಿಯುವುದನ್ನು ಬಿಟ್ಟ, ಅದು ನಿಜ. ಅವಳ ಚೀಲ ಹೊರುತ್ತಾನೆ, ಕೃತಕ ಕಾಲಿನ ಪಟ್ಟಿ ಕಟ್ಟಿಕೊಡುತ್ತಾನೆ, ಲ್ಯಾಬಿಗೆ ಬಿಡುತ್ತಾನೆ, ಕರೆತರುತ್ತಾನೆ. ಎಂಥ ಗಂಡ, ಪುಣ್ಯ ಮಾಡಿದ್ದಾಳೆ ಎಂದು ಜನ ಆಡಿಕೊಳ್ಳುತ್ತಾರೆ. ಮಾಡಿದ ಒಂದು ಸುಳ್ಳಿಗೆ ಸಾವಿರ ಸೇವೆ ಮಾಡಿ ಸರಿದೂಗಿಸಬಹುದೆಂದು ಈ ಮನುಷ್ಯನಿಗೆ ಯಾರು ಹೇಳಿಕೊಟ್ಟರೋ.

ಅವಳೇನು ಸಾಚಾ ಅಲ್ಲ. ಅದನ್ನು ಅವಳು ತನ್ನೊಳಗೆ ಒಪ್ಪಿಕೊಂಡಿದ್ದಾಳೆ. ಅವನ ಆ ಅಳುಕಿನ ಮುಖ ನೋಡುವುದು ಅವಳಿಗೆ ಹಿಡಿಸಿತ್ತು. ಲ್ಯಾಬಿನ ಕೆಲಸ ಐದಕ್ಕೇ ಮುಗಿದರೂ ಐದೂ ಮುಕ್ಕಾಲಿನ ತನಕ ಒಳಗೆ ಸುಮ್ಮನೆ ಕುಳಿತಿರುತ್ತಿದ್ದಳು, ಕಿಟಕಿಯಿಂದ ಅವನು ಕಾರಿನ ಪಕ್ಕದಲ್ಲಿ ನಿಂತು ಕಾಯುವುದನ್ನು ನೋಡುತ್ತ. ಬೇಕೆಂದೇ ಚಮಚ ಕೆಳಗೆ ಹಾಕಿ ಅವನು ಬಗ್ಗಿ ಹೆಕ್ಕುವುದನ್ನು ನೋಡಿದ್ದಳು. ಥೂ, ಇದೆಂಥ ಬದುಕು ಎಂದು ಅಸಹ್ಯವಾದದ್ದು ಕಳೆದ ಮಳೆಗಾಲದಲ್ಲಿ, ಅವನು ಬಚ್ಚಲಿನ ಬಾಗಿಲಿನ ಹೊರಗೆ ನಿಂತು, "ಆಯ್ತಾ? ಬರ್ಲಾ?" ಎಂದು ಕೇಳಿದಾಗ. ಸಿಟ್ಟಿನಿಂದ ತಾನು ಅವನನ್ನು ಕಟ್ಟಿ ಹಾಕಿದ್ದೇನೋ, ಅವನೇ ಕಟ್ಟಿ ಹಾಕಿದ್ದಾನೋ ಎಂದು ತಿಳಿಯದೆ ಹೋಯಿತು. ತಾನೇ ಕಾರು ಓಡಿಸಬೇಕು ಎಂದು ತೀರ್ಮಾನಿಸಿದ್ದು ಆ ಬಚ್ಚಲಿನಲ್ಲಿ, ಗೋಡೆ ಹಿಡಿದು ಒಂಟಿಕಾಲಿನಲ್ಲಿ ನಿಂತು. ಇವನಿಲ್ಲದೆ ಹೋಗಿ ಇವನಿಲ್ಲದೆ ಬರಬೇಕು. ಆಗ ಮಾತ್ರ ಇವನ ಜೊತೆ ಇರುವುದೋ ಬೇಡವೋ ಎಂದು ಯೋಚಿಸಬಹುದು.

ಮನೆಯಲ್ಲಿದ್ದದ್ದು ಆಟೋ ಗೇರಿನ ಹಳೆಯ ಸಣ್ಣ ಕಾರು. ಕ್ಲಚ್ಚಿಲ್ಲ, ಬ್ರೇಕಿಗೆ ಎಡಗಾಲು ಸಾಕು. ಬಲಗಾಲಿನ ಕೆಲಸವನ್ನು ಕೈಗೆ ದಾಟಿಸಿದರೆ ಆಯಿತು. ಮೊದಲು ಕಡಬದ ಹಕೀಮನ ಗ್ಯಾರೇಜಿಗೆ ಹೋಗಿ ಕೇಳಿದ್ದಳು. ಹಕೀಮ್ ಕೆಟ್ಟವನಲ್ಲ. ಆದರೆ ಅವಳು ಕೇಳಿದ ಪ್ರಶ್ನೆಗೆ ಅವನು ಉತ್ತರ ಕೊಟ್ಟದ್ದು ಅವಳ ಹಿಂದೆ ನಿಂತಿದ್ದ ಉದಯನಿಗೆ. "ಉದಯಣ್ಣ, ಇವರಿಗೆ ಹೇಳಿ ಮಾರಾಯ್ರೆ. ಒಂದು ಸಲ ಆದದ್ದು ಸಾಲದಾ? ನಾನು ಮಾಡಿಕೊಟ್ಟು ನಾಳೆ ಎಂತಾದ್ರೂ ಆದ್ರೆ ನನ್ನ ತಲೆಗೆ ಬರ್ತದೆ." ಉದಯ ತಲೆಯಾಡಿಸಿದ. ಆ ತಲೆಯಾಡಿಸುವಿಕೆಯನ್ನು ಅವಳು ಸತ್ತರೂ ಮರೆಯಲಾರಳು. ಒಂದು ಸಲ ಆದದ್ದು! ಕುಂಬಳಕಾಯಿ ಕಳ್ಳ ಎಂದರೆ ಹೆಗಲನ್ನಾದರೂ ಮುಟ್ಟಿ ನೋಡಿಕೊಳ್ಳುತ್ತಾನಂತೆ. ಇವನು ಅದನ್ನೂ ಮಾಡಲಿಲ್ಲ. "ಮಾಡುದು ಬೇಡ. ಸ್ಕೂಟರಿನ ಹೊಸ ಬ್ರೇಕ್ ಕೇಬಲ್ ಉಂಟಾ? ಅದು ಕೊಡಿ ಸಾಕು," ಎಂದು ಅವಳು ಹಕೀಮನಿಗೆ ಹೇಳಿ, ಕೇಬಲನ್ನು ಸುರುಳಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಬಂದಿದ್ದಳು.

ಆಮೇಲಿನ ಎರಡು ತಿಂಗಳ ಭಾನುವಾರಗಳು. ಆ ದಿನಗಳನ್ನು ನೆನೆದರೆ ಈಗಲೂ, ಈ ಸಿಟ್ಟಿನ ನಡುವೆಯೂ, ಎದೆ ಹಗುರಾಗುತ್ತದೆ. ಫೋನಿನಲ್ಲಿ ವೀಡಿಯೊ ಹಾಕಿ, ನಿಲ್ಲಿಸಿ, ಹಿಂದೆ ಹೋಗಿ, ಮತ್ತೆ ನೋಡಿ ಕಲಿತಳು. ಯಾವ ಕಡೆ ತಿರುಗಿಸಿದರೆ ನಟ್ಟು ಬಿಚ್ಚುತ್ತದೆ ಎನ್ನುವುದನ್ನು ಮಗ್ಗುಲಲ್ಲಿ ಮಲಗಿ, ತಲೆಕೆಳಗಾಗಿ, ಕತ್ತಲೆಯಲ್ಲಿ ಕೈಯೇ ತಿಳಿದುಕೊಳ್ಳಬೇಕು. ಬ್ಯಾಟರಿಯ ವಯರು ಕಳಚದೆ ಸ್ಪ್ಯಾನರು ತಾಗಿಸಿ ಒಮ್ಮೆ ಕಿಡಿ ಹಾರಿಸಿಕೊಂಡಳು; ಆಮೇಲೆ ಮೊದಲು ಅದನ್ನೇ ಕಳಚುವ ಬುದ್ಧಿ ಬಂತು. ಮೊದಲ ಲಿವರನ್ನು ಅಡಿಕೆ ಕೊಯ್ಯುವ ಹಳೆಯ ಅಲ್ಯುಮಿನಿಯಂ ದೋಟಿಯ ತುಂಡಿನಿಂದ ಮಾಡಿದಳು. ತೂತು ಕೊರೆದ ಕಡೆ ಅದು ಎರಡೇ ದಿನಕ್ಕೆ ಬಾಗಿತು. ಮತ್ತೆ ಕಬ್ಬಿಣದ ಪಟ್ಟಿ. ಅದನ್ನು ಗರಗಸದಲ್ಲಿ ಕೊಯ್ಯಲು ಮೂರು ಸಂಜೆ ಹಿಡಿಯಿತು, ಅಂಗೈಯಲ್ಲಿ ಬೊಬ್ಬೆ ಎದ್ದಿತು. ಲಿವರು ಎಳೆದರೆ ಕೇಬಲು ಆಕ್ಸಿಲರೇಟರಿನ ಪೆಡಲನ್ನು ಕೆಳಗೆ ಎಳೆಯಬೇಕು, ಬಿಟ್ಟರೆ ಪೆಡಲು ತಾನಾಗಿ ಮೇಲೆ ಬರಬೇಕು. ಇಷ್ಟೇ ವಿಷಯ. ಇಷ್ಟಕ್ಕೆ ಎರಡು ತಿಂಗಳು. ಉದಯ ವರಾಂಡದಲ್ಲಿ ನಿಂತು, "ನಾನಿದ್ದೇನಲ್ಲ ಭವೀ, ನಿನಗೆ ಎಂತಕ್ಕೆ ಈ ಕಷ್ಟ?" ಎನ್ನುತ್ತಿದ್ದ. ನೀವಿದ್ದೀರಿ, ಅದಕ್ಕೇ ಎಂದು ನಾಲಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡು ಅವಳು ಅಂಗಳದಲ್ಲೇ ಕಾರನ್ನು ಹಿಂದೆ ಮುಂದೆ ಓಡಿಸಿ ಅಭ್ಯಾಸ ಮಾಡಿದಳು. ಪುತ್ತೂರಿನ ಆರ್‌ಟಿಒಗೆ ತೋರಿಸಿ, ಲೈಸೆನ್ಸಿನಲ್ಲಿ ಬರೆಸಿಕೊಂಡ ಮೇಲೆಯೇ ರಸ್ತೆಗೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ಆದರೆ ಈ ಬೆಳಿಗ್ಗೆ ಅತ್ತೆ ದೇವಸ್ಥಾನದ ನಸುಕಿನ ಧನುಪೂಜೆಗೆ ಹೊರಟು ಜಗಲಿಯಲ್ಲಿ ಕುಳಿತಿದ್ದರು. ಉದಯ ಏಳಲಿಲ್ಲ. ಎರಡು ಸಲ ಕರೆದರೂ ಹೂಂ ಎಂದು ಮಗ್ಗುಲು ತಿರುಗಿದ. "ಪೂಜೆ ಮುಗಿದ ಮೇಲೆ ಹೋಗಿ ಎಂತ ಮಾಡುದು," ಎಂದು ಅತ್ತೆ ಗೊಣಗಿದರು. ಭವಿತಾಳಿಗೆ ಏನನ್ನಿಸಿತೋ, "ನಾನು ಬಿಡ್ತೇನೆ ಅತ್ತೆ. ಗೇಟು ತೆಗೆಯಿರಿ," ಎಂದಳು. ದೇವಸ್ಥಾನಕ್ಕೆ ಒಂದು ಮೈಲಿಯೂ ಇಲ್ಲ, ಆ ಹೊತ್ತಿಗೆ ರಸ್ತೆಯಲ್ಲಿ ನಾಯಿಯೂ ಇರುವುದಿಲ್ಲ. ಅತ್ತೆ ಅವಳನ್ನು ಕ್ಷಣ ಹೊತ್ತು ನೋಡಿದರು. ಬೇಡ ಎನ್ನಲಿಲ್ಲ, ಹೋಗಿ ಗೇಟು ತೆಗೆದರು. ಅದೇ ಅವಳಿಗೆ ದೊಡ್ಡದಾಯಿತು. ಅಂಗಳದಲ್ಲಿ ಮಂಜು, ಹಲ್ಲು ಕಟಕಟ ಎನ್ನುವ ಚಳಿ. ಲಿವರನ್ನು ಎಳೆದಳು, ಕಾರು ಮುಂದೆ ಹೋಯಿತು. ಬಿಟ್ಟಳು. ಕಾರು ನಿಧಾನವಾಗಲಿಲ್ಲ. ಮತ್ತೊಮ್ಮೆ ಬಿಟ್ಟಳು, ಬಿಡುವುದಕ್ಕೆ ಕೈಯಲ್ಲಿ ಏನೂ ಉಳಿದಿರಲಿಲ್ಲ. ಪೆಡಲು ಕೆಳಗೇ ಕುಳಿತಿತ್ತು. ಅತ್ತೆಯ ಹಸಿರು ಸೀರೆ ಒಂದು ಮೊಳ ದೂರದಲ್ಲಿ ದಾಟಿ ಹೋಯಿತು. ಹತ್ತು ವರ್ಷ ಕ್ಲಚ್ಚು ತುಳಿದಿದ್ದ ಎಡಗಾಲು ಬ್ರೇಕನ್ನು ಹುಡುಕಿ ಒತ್ತುವ ಹೊತ್ತಿಗೆ ರಸ್ತೆ ಮುಗಿದು ರೈಗಳ ಗೋಡೆ ಬಂದಿತ್ತು. ಆ ಸದ್ದಿಗೆ ಉದಯ ಎದ್ದು, ಲುಂಗಿ ಎತ್ತಿ ಕಟ್ಟುತ್ತ ಓಡಿ ಬಂದ. ಅವಳನ್ನು ಎತ್ತಿ ಮೆಟ್ಟಿಲಲ್ಲಿ ಕೂರಿಸಿದ. ರೈಗಳು ಟಾರ್ಚು ಹಿಡಿದು ಬರುವುದರೊಳಗೆ ಹೇಳಿದ. "ನೀನು ಎಂತದೂ ಮಾತಾಡ್ಬೇಡ. ನಾನು ಓಡಿಸಿದ್ದು ಅಂತ ಹೇಳ್ತೇನೆ. ಅಮ್ಮ, ನೀನೂ ಸುಮ್ಮನಿರು." ಮಾಡಿದ ಉಪಕಾರಕ್ಕೆ ಅವನ ಮುಖ ಬೆಳಗುತ್ತಿತ್ತು. ಕಾರನ್ನು ಮತ್ತೆ ಅಂಗಳಕ್ಕೆ ತಳ್ಳಿ ನಿಲ್ಲಿಸುವಾಗಲೂ ಮೂರು ವರ್ಷದ ಭಾರ ಒಂದೇ ಏಟಿಗೆ ಇಳಿಸಿಕೊಂಡವನ ಹಾಗಿದ್ದ.

ಹಾಗೆ ಅವಳಿಗೆ ಅವನ ತಪ್ಪು ಸಿಕ್ಕಿತು, ಅವಳ ತಪ್ಪು ಅವನಿಗೆ ಹೋಯಿತು. ಇದಕ್ಕೆ ಲೆಕ್ಕ ಚುಕ್ತಾ ಎಂದು ಹೆಸರಿಟ್ಟು ಅವನು ರಸ್ತೆಯಲ್ಲಿ ನಿಂತು ನಗುತ್ತಿದ್ದಾನೆ.

ಅವಳು ಸ್ಪ್ಯಾನರನ್ನು ಮತ್ತೆ ನಟ್ಟಿಗೆ ಕೂರಿಸಿದಳು. ಪೆಡಲಿನ ಬಳಿ ಕೇಬಲಿನ ತುದಿ ಬಿಚ್ಚಿ ಎಳೆದಳು. ತಂತಿ ಅದರ ಕವಚದೊಳಗಿಂದ ಬರಲಿಲ್ಲ. ನಿನ್ನೆ ಮಧ್ಯಾಹ್ನ ಬೆಣ್ಣೆಯಲ್ಲಿ ಕೂದಲು ಜಾರಿದ ಹಾಗೆ ಜಾರುತ್ತಿದ್ದದ್ದು! ಬಲವಾಗಿ ಎಳೆದಾಗ ತಂತಿಯ ಜೊತೆ ಬೆಳ್ಳಗೆ ಏನೋ ಅಂಟಿಕೊಂಡು ಬಂತು. ಬೆರಳಿಗೆ ತಾಗಿಸಿ ಉಜ್ಜಿದಳು, ಮೂಸಿದಳು. ತೆಂಗಿನೆಣ್ಣೆ. ಅವಳೇ ಹಾಕಿದ್ದು, ಶನಿವಾರ, ಹನಿ ಹನಿಯಾಗಿ, ಕವಚದ ಬಾಯಿಗೆ. ಬಾಗಿಲಿನ ತಿರುಗಣಿ ಕಿರುಗುಟ್ಟಿದರೆ, ಬೀಗ ಬಿಗಿಯಾದರೆ, ಹೊಲಿಗೆ ಮೆಷಿನ್ನು ಗಟ್ಟಿಯಾದರೆ ಈ ಊರಿನವರ ಕೈ ತಾನಾಗಿ ಹೋಗುವುದು ಅದೇ ಬಾಟಲಿಗೆ. ಧನು ತಿಂಗಳಲ್ಲಿ ಬಚ್ಚಲಿನ ಬಾಟಲಿಯೊಳಗೆ ಅದೇ ಎಣ್ಣೆ ಕಲ್ಲಾಗಿ ಕೂತು, ಬಿಸಿನೀರಿನಲ್ಲಿ ಅದ್ದಿಟ್ಟ ಮೇಲೆಯೇ ತಲೆಗೆ ಹಚ್ಚಲು ಬರುವುದು ಹುಟ್ಟಿದ ಮಗುವಿಗೂ ಗೊತ್ತು. ಅವಳಿಗೂ ಗೊತ್ತಿತ್ತು. ಕೇಬಲಿನೊಳಗೂ ಅದು ಅದೇ ಎಣ್ಣೆ ಎನ್ನುವುದು ಮಾತ್ರ ಹೊಳೆಯಲಿಲ್ಲ. ಕಾರಿನೊಳಗೆ ಅಂಗಾತ ಮಲಗಿ ಅವಳು ಗಟ್ಟಿಯಾಗಿ ತನ್ನನ್ನೇ ಬೈದುಕೊಂಡಳು. "ಕತ್ತೆ! ಶುದ್ಧ ಕತ್ತೆ!" ಬೈದುಕೊಳ್ಳುವಾಗ ಅತ್ತೆಯ ಹಸಿರು ಸೀರೆ ಮತ್ತೆ ಕಣ್ಣೆದುರು ಬಂತು. ಒಂದು ಮೊಳ. ಆ ಒಂದು ಮೊಳ ಇಲ್ಲದೆ ಹೋಗಿದ್ದರೆ? ಆದರೂ ಆ ಭಯದ ಅಡಿಯಲ್ಲಿ, ಹೇಳಲು ನಾಚಿಕೆಯಾಗುವಂಥ ಒಂದು ನೆಮ್ಮದಿ. ಇದು ತನ್ನದು. ಹೇಗಾಯಿತು, ಯಾಕಾಯಿತು, ಹೇಗೆ ಸರಿಮಾಡಬೇಕು ಎಲ್ಲ ತನಗೆ ಗೊತ್ತುಂಟು. ಆಲಂಕಾರಿನ ಮೋರಿಯ ಬಗ್ಗೆ ಮೂರು ವರ್ಷ ಎಷ್ಟು ಯೋಚಿಸಿದರೂ ಕಲಿಯಲು ಅದರಲ್ಲಿ ಒಂದು ಅಕ್ಷರವೂ ಇರಲಿಲ್ಲ.

ಉದಯ ಬಂದು ಬಾಗಿಲಿನ ಬಳಿ ಬಗ್ಗಿದ. ಕೈಯಲ್ಲಿ ಕೆಂಪು ಮಣ್ಣು, ಮುಖದಲ್ಲಿ ಅದೇ ಬೆಳಕು.

"ರೈಗಳು ಎಂತ ಹೇಳ್ಲಿಲ್ಲ. ನಾನೇ ಕಲ್ಲು ಕಟ್ಟಿ ಕೊಡ್ತೇನೆ ಅಂದೆ. ಸಿಮೆಂಟು ಕಲಸಿ ಆಯ್ತು. ನೀನು ಯಾಕೆ ಅದರೊಳಗೆ ಇದ್ದಿ? ಬಿಡು, ಸಂಜೆ ನಾನು ಅದನ್ನೆಲ್ಲ ಬಿಚ್ಚಿ ತೆಗೀತೇನೆ."

"ಎಂತಕ್ಕೆ ತೆಗೀಲಿಕ್ಕೆ?"

"ಸಾಕಲ್ಲ ಭವೀ. ಅಮ್ಮ ಸ್ವಲ್ಪದರಲ್ಲಿ ಉಳಿದದ್ದು. ಇನ್ನು ಈ ಹುಚ್ಚು ಬೇಡ. ಊರಿಗೆ ಗೊತ್ತಾಗದ ಹಾಗೆ ನಾನು ಮಾಡಿದ್ದೇನಲ್ಲ? ಎರಡನೇ ಸಲ ನಿನ್ನ ಹೆಸರು ಬರುದು ಬೇಡ."

"ಎರಡನೇ ಸಲವಾ?"

ಅವನಿಗೇ ಗೊತ್ತಿಲ್ಲದೆ ಬಂದ ಮಾತು ಅದು. ಅದನ್ನು ಅವಳು ಅವನ ಕಣ್ಣಿನಲ್ಲಿ ಕಂಡಳು. ಮೂರು ವರ್ಷ ಹೇಳಿ ಹೇಳಿ, ಕೇಳಿ ಕೇಳಿ, ಅವನಿಗೂ ಈಗ ಅದು ಹಾಗೇ ನಡೆದಂತೆ ಆಗಿಬಿಟ್ಟಿತ್ತು. ಸುಳ್ಳು ಹೇಳಿದವನನ್ನು ಕ್ಷಮಿಸಬಹುದಿತ್ತೇನೋ. ತಾನೇ ಹೇಳಿದ ಸುಳ್ಳನ್ನು ನಂಬಿ ಕುಳಿತವನನ್ನು ಏನು ಮಾಡುವುದು? "ಕೀ ನನ್ನ ಹತ್ರ ಇರ್ಲಿ," ಎಂದು ಅವನು ಸ್ಟೇರಿಂಗಿನ ಪಕ್ಕದಿಂದ ಕೀ ತೆಗೆದು ಅಂಗಿಯ ಕಿಸೆಗೆ ಹಾಕಿ, ಮೆಲ್ಲಗೆ ಅವಳ ಭುಜ ತಟ್ಟಿ, ರಸ್ತೆಯ ಕಡೆಗೆ ಹೋದ.

ಭವಿತಾ ಎದ್ದು ಕುಳಿತಳು. ಸೀಟಿಗೆ ಒರಗಿಸಿಟ್ಟಿದ್ದ ಕಾಲನ್ನು ತೆಗೆದುಕೊಂಡು, ಪಟ್ಟಿಯನ್ನು ತಾನೇ ಬಿಗಿದಳು. ಎರಡು ಸಲ ತಪ್ಪಿತು, ಮೂರನೇ ಸಲಕ್ಕೆ ಕೂತಿತು. ಜಗಲಿಯಲ್ಲಿ ಅತ್ತೆ ಪೂಜೆಗೆ ಕಟ್ಟಿದ ಹೂವಿನ ಬುಟ್ಟಿಯ ಪಕ್ಕ ಇನ್ನೂ ಹಾಗೆಯೇ ಕುಳಿತಿದ್ದರು. ಭವಿತಾ ಅವರ ಎದುರು ನಿಂತು, "ನನ್ನದು ತಪ್ಪಾಯ್ತು ಅತ್ತೆ. ನಿಮಗೆ ಎಂತಾದ್ರೂ ಆಗ್ತಿದ್ರೆ..." ಎಂದಳು. ಅತ್ತೆ ಅವಳ ಎಣ್ಣೆ ಕೈಯನ್ನು ನೋಡಿದರು. "ಎಂತ ಹಾಳಾದದ್ದು?" ಎಂದು ಕೇಳಿದರು. ಅವಳು ಹೇಳಿದಳು. "ತೆಂಗಿನೆಣ್ಣೆಯಾ? ಈ ಚಳಿಗಾ?" ಎಂದು ಅತ್ತೆ ಹಣೆ ಚಚ್ಚಿಕೊಂಡರು. ಅಷ್ಟು ಬೈದರೆ ಸಾಕಿತ್ತು ಅವಳಿಗೆ. ಮಾಡಿದ ತಪ್ಪಿಗೆ ಸರಿಯಾದ ಬೈಗುಳ ತಿನ್ನುವುದರಲ್ಲಿ ಇಷ್ಟು ಸುಖವಿದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಅವಳು ಗೇಟು ದಾಟಿದಳು. ಅತ್ತೆ ಎದ್ದು ಹಿಂದೆಯೇ ಬಂದರು.

ಉದಯ ಒಂದು ಕಲ್ಲನ್ನು ಎತ್ತಿ ಎದೆಗೆ ಆನಿಸಿಕೊಂಡಿದ್ದ. ರೈಗಳು ಸಿಮೆಂಟು ಹಾಕಿ ಕರಣೆಯಲ್ಲಿ ಸಮ ಮಾಡುತ್ತಿದ್ದರು.

"ರೈಗಳೇ," ಎಂದಳು ಭವಿತಾ. "ಕಾರು ಓಡಿಸಿದ್ದು ನಾನು."

ರೈಗಳು ಕರಣೆ ನಿಲ್ಲಿಸಿ ಉದಯನನ್ನು ನೋಡಿದರು, ಅವಳನ್ನು ನೋಡಿದರು, ನಕ್ಕರು. "ಬಿಡು ಮಗಾ. ಗಂಡನ ಮರ್ಯಾದೆ ಉಳಿಸ್ಲಿಕ್ಕೆ ಹೆಂಗಸರು ಎಂತ ಬೇಕಾದ್ರೂ ಹೇಳ್ತಾರೆ. ಐದು ಕಲ್ಲಿಗೆ ನಾನು ಜಗಳಕ್ಕೆ ಬರುದಿಲ್ಲ."

ಸುಳ್ಳನ್ನು ಒಂದೇ ಗುಟುಕಿಗೆ ನುಂಗಿದ ಊರಿಗೆ ನಿಜ ಮಾತ್ರ ಗಂಟಲಿನಲ್ಲಿ ಇಳಿಯುವುದಿಲ್ಲ! ಭವಿತಾಳ ಕಿವಿ ಬಿಸಿಯಾಯಿತು, ಕೈ ಸ್ಥಿರವಾಯಿತು.

"ಉಳಿಸುದಲ್ಲ ರೈಗಳೇ. ಕೇಬಲಿಗೆ ತೆಂಗಿನೆಣ್ಣೆ ಹಾಕಿದ್ದೆ. ಚಳಿಗೆ ಗಟ್ಟಿಯಾಗಿ ಆಕ್ಸಿಲರೇಟರ್ ಮೇಲೆ ಬರ್ಲಿಲ್ಲ. ನನ್ನ ತಪ್ಪು. ಎಣ್ಣೆ ತೊಳೆದು ಸರಿ ಮಾಡ್ತೇನೆ. ಮತ್ತೆಯೂ ಓಡಿಸ್ತೇನೆ."

"ಭವೀ, ಒಳಗೆ ಹೋಗು," ಎಂದ ಉದಯ. "ಇಲ್ಲಿ ನಿಲ್ಬೇಡ."

"ಅವಳೇ ಓಡಿಸಿದ್ದು ರೈಗಳೇ," ಎಂದರು ಹಿಂದಿನಿಂದ ನೀಲಾವತಿ. "ಗೇಟು ತೆಗೆದದ್ದು ನಾನು. ನಾನು ನೋಡಿದ್ದೇನೆ."

ರೈಗಳ ನಗು ನಿಂತಿತು. ಅವರು ಕೆಟ್ಟವರಲ್ಲ, ಅವರ ಮುಖದಲ್ಲಿ ಬಂದದ್ದು ನಿಜವಾದ ಮರುಕವೇ. "ಅಯ್ಯೋ ದೇವರೇ," ಎಂದರು. "ಎಂತ ಮಗಾ ನೀನು? ಇದು ಎರಡನೇ ಸಲ ಅಲ್ವಾ? ಒಂದು ಕಾಲು ಹೋದ್ರೂ ನಿನಗೆ ಬುದ್ಧಿ ಬರ್ಲಿಲ್ವಾ?"

ಭವಿತಾ ಉದಯನನ್ನು ನೋಡಿದಳು. ಅವನಿಗೆ ಸಮಯ ಕೊಟ್ಟಳು. ಒಂದು ಬೈಕು ಬಂದು, ಬಿದ್ದ ಕಲ್ಲುಗಳನ್ನು ಸುತ್ತಿ ಬಳಸಿ ಹೋಯಿತು; ಅದರ ಸದ್ದು ತಿರುವಿನಾಚೆ ಮುಗಿಯುವ ತನಕವೂ ಕಾದಳು. ಒಂದು ಮಾತು ಸಾಕಿತ್ತು. ಅವನು ಕಲ್ಲನ್ನು ಎಲ್ಲಿ ಇಡುವುದು ಎಂದು ಹುಡುಕುವವನ ಹಾಗೆ ಗೋಡೆಯನ್ನೇ ನೋಡುತ್ತಿದ್ದ.

"ಎರಡನೇ ಸಲ ಅಲ್ಲ ರೈಗಳೇ," ಎಂದಳು ಅವಳು. "ನಾನು ಗುದ್ದಿದ್ದು ಇದೇ ಮೊದಲು."

ರೈಗಳಿಗೆ ಅರ್ಥವಾಗಲಿಲ್ಲ. ಕರಣೆ ಹಿಡಿದುಕೊಂಡೇ ಒಬ್ಬರ ಮುಖದಿಂದ ಇನ್ನೊಬ್ಬರ ಮುಖಕ್ಕೆ ನೋಡಿದರು. ನೀಲಾವತಿ ಸೊಸೆಯ ಕಡೆ ನೋಡಲಿಲ್ಲ. ಅವರು ಮಗನನ್ನು ನೋಡುತ್ತಿದ್ದರು, ಅವನ ಕಿಸೆಯಲ್ಲಿ ಉಬ್ಬಿದ್ದ ಕೀಯನ್ನು, ಅವನು ಎದೆಗೆ ಒತ್ತಿ ಹಿಡಿದ ಕಲ್ಲನ್ನು, ಮತ್ತೆ ಅವನ ಮುಖವನ್ನು.

"ಕಲ್ಲು ಕೆಳಗಿಡು ಉದಯ," ಎಂದರು.